ರಸ್ತೆಯಿಲ್ಲದ ಮನೆಯಿಂದ ಹಂದಿ ಮಾಂಸ ಹೊತ್ತು ತಂದದ್ದು

ಹೊಸನಗರ ತಾಲ್ಲೂಕಿನ ನಗರ ಹೋಬಳಿಯಲ್ಲಿರುವ ನನ್ನ ಅಣ್ಣನ ತೋಟದ ಮನೆಗೆ ಇಂದಿಗೂ ಜೀಪು ಹೋಗುವುದಿಲ್ಲ. ರಸ್ತೆಯಿಂದ ಮೂರು ಕಿಲೋಮೀಟರ್ ಕಾಲುದಾರಿ. ನಡುವೆ ಎರಡು ಹಳ್ಳಗಳಿದ್ದು, ಒಂದಕ್ಕೆ ಮಾತ್ರ ಅಡಿಕೆ ಮರದ ಸಂಕವಿದೆ. ಅಲ್ಲಿ ಸಾಕಿದ ಹಂದಿಯನ್ನು ಅಲ್ಲಿಯೇ ಕೊಯ್ದು, ಮಾಂಸವನ್ನು ಊರಮನೆಗೆ ತರುವ ಕೆಲಸ ಹಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಇದು ಕಾಡುಹಂದಿಯ ಮಾತಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮ ಮನೆಯಲ್ಲಿ ಶಿಕಾರಿಯ ಸುದ್ದಿ ನಿಂತಿತು. ಆದರೆ ನಾನು ಕಲಿತ ವಿದ್ಯೆ ಶಿಕಾರಿಯ ಕಾಲದ್ದೇ. ಕೋವಿ ಹಿಡಿದು ಕಾನು ಸುತ್ತಿದ್ದ ಅಜ್ಜ, ಈಡು ಹೊಡೆಯುವುದು ಅರ್ಧ ಗಳಿಗೆಯ ಕೆಲಸ, ಹೊತ್ತು ತರುವುದೇ ಬೇಟೆ ಎನ್ನುತ್ತಿದ್ದರು.

ಆ ಮಾತು ಅರ್ಥವಾಗಬೇಕಾದರೆ ನಾನೊಂದು ಹಂದಿಯನ್ನು ಕೆಡಿಸಬೇಕಾಯಿತು. ಮೊದಲ ಸಲ ಏಪ್ರಿಲ್ ತಿಂಗಳ ನಡು ಮಧ್ಯಾಹ್ನ ಕರುಳು ತೆಗೆದು, ಇಡೀ ದೇಹವನ್ನು ಬಿದಿರಿನ ಗಳಕ್ಕೆ ಕಾಲು ಕಟ್ಟಿ ತೂಗುಹಾಕಿ, ಇಬ್ಬರು ಹೆಗಲು ಕೊಟ್ಟು ಹೊರಟೆವು. ಹೆಜ್ಜೆಹೆಜ್ಜೆಗೂ ಹೊರೆ ತೂಗಾಡುತ್ತಿತ್ತು. ಸಂಕದ ನಡುವಿನಲ್ಲಿ ಆ ತೂಗಾಟವೇ ನಮ್ಮನ್ನು ಹಳ್ಳಕ್ಕೆ ಎಳೆಯುವಂತಿತ್ತು. ಮನೆ ಮುಟ್ಟಿದ್ದು ಕತ್ತಲೆಗೆ. ಮರುದಿನ ಬೆಳಗ್ಗೆ ತೊಡೆಯನ್ನು ಸೀಳಿದಾಗ ಹೊರಗಿನ ಮಾಂಸ ಚೆನ್ನಾಗಿಯೇ ಇತ್ತು, ಆದರೆ ಮೂಳೆಯ ಸುತ್ತ ಹುಳಿವಾಸನೆ ಮೂಗಿಗೆ ಹೊಡೆಯಿತು. ಚರ್ಮವೂ ಅದರಡಿಯ ಕೊಬ್ಬೂ ಕಂಬಳಿಯಂತೆ ಶಾಖವನ್ನು ಹಿಡಿದಿಟ್ಟಿದ್ದವು. ದಪ್ಪ ತೊಡೆಯ ಒಳಗಿನ ಬಿಸಿ ಇಳಿಯಲು ದಾರಿಯಿಲ್ಲದೆ, ಮಾಂಸವು ಒಳಗಿನಿಂದ ಹಳಸಿತ್ತು.

ಅಂದಿನಿಂದ ಈ ಕೆಲಸವನ್ನು ಡಿಸೆಂಬರ್–ಜನವರಿಯ ಚಳಿಯಲ್ಲಿ, ಬೆಳಗಿನ ಜಾವಕ್ಕೇ ಮುಗಿಸುತ್ತೇನೆ. ಹಿಂದಿನ ದಿನ ಹಂದಿಗೆ ನೀರು ಮಾತ್ರ ಕೊಟ್ಟು ಮೇವು ನಿಲ್ಲಿಸಿದರೆ ಕರುಳು ಹಗುರವಾಗಿರುತ್ತದೆ. ರಕ್ತ ಪೂರ್ತಿ ಬಸಿದ ಮೇಲೆ ಬೈಹುಲ್ಲಿನ ಉರಿಯಲ್ಲಿ ಕೂದಲು ಸುಟ್ಟು, ಕತ್ತಿಯ ಬೆನ್ನಿನಿಂದ ಹೆರೆದು ತೊಳೆಯುತ್ತೇವೆ. ತೊಳೆಯುವುದು ಇಲ್ಲಿಗೆ ಮುಗಿಯಬೇಕು. ಹೊಟ್ಟೆ ಬಿಚ್ಚಿದ ಮೇಲೆ ಒಳಗೆ ಹಳ್ಳದ ನೀರು ಹೊಯ್ಯುವವರನ್ನು ನಾನು ಒಪ್ಪುವುದಿಲ್ಲ. ಒದ್ದೆ ಮಾಂಸ ಬೇಗ ಕೆಡುತ್ತದೆ, ಒಣಬಟ್ಟೆಯಿಂದ ಒರೆಸಿದರೆ ಸಾಕು.

ಹೊಟ್ಟೆ ಸೀಳುವ ಮೊದಲು ಗುದದ ಸುತ್ತ ಕೊಯ್ದು, ನಾಳವನ್ನು ಸ್ವಲ್ಪ ಹೊರಗೆಳೆದು ಬಾಳೆನಾರಿನಿಂದ ಬಿಗಿಯಾಗಿ ಕಟ್ಟುತ್ತೇನೆ. ಅನಂತರ ಎಡಗೈಯ ಎರಡು ಬೆರಳುಗಳನ್ನು ಸೀಳಿನೊಳಗೆ ತೂರಿಸಿ, ಅವುಗಳ ನಡುವೆ ಚೂರಿಯ ಬಾಯಿಯನ್ನು ಮೇಲ್ಮುಖವಾಗಿ ಹಿಡಿದು ಎದೆಯವರೆಗೆ ಸಾಗಿದರೆ, ಬೆರಳುಗಳು ಕರುಳನ್ನು ಕೆಳಗೆ ಒತ್ತಿ ಹಿಡಿದಿರುತ್ತವೆ. ಮೂತ್ರಕೋಶವನ್ನೂ ಪಿತ್ತಕೋಶವನ್ನೂ ಒಡೆಯದೆ ತೆಗೆಯಬೇಕು. ಪಿತ್ತ ಸೋಕಿದ ಭಾಗವನ್ನು ಕೊಯ್ದೇ ಬಿಸಾಡುವುದು ಮೇಲು. ನಾಲಿಗೆ, ಕತ್ತು ಮತ್ತು ಭುಜದ ಮಾಂಸದಲ್ಲಿ ಅಕ್ಕಿಕಾಳಿನಂಥ ಬಿಳಿ ಗುಳ್ಳೆಗಳಿವೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತೇನೆ, ಏಕೆಂದರೆ ಅವು ಲಾಡಿಹುಳುವಿನ ಮರಿಗಳು. ನಮ್ಮ ಹಂದಿಗಳು ಗೂಡಿನಲ್ಲಿಯೇ ಬೆಳೆಯುವುದರಿಂದ ಇದುವರೆಗೆ ಕಂಡಿಲ್ಲ. ಕಂಡರೆ ಇಡೀ ಹಂದಿಯನ್ನು ಹೂಳುವುದೆಂದು ಅಣ್ಣನೊಡನೆ ಮಾತಾಗಿದೆ.

ಬಿಡಿಸುವ ಕೆಲಸಕ್ಕೆ ಕೊಡಲಿ ಬೇಕಿಲ್ಲ. ಅದರಿಂದ ಮೂಳೆಯ ಚೂರುಗಳು ಮಾಂಸದಲ್ಲಿ ಸೇರುತ್ತವೆ. ಮುಂಗಾಲಿಗೆ ಪಕ್ಕೆಲುಬಿನೊಡನೆ ಮೂಳೆಯ ಕೀಲೇ ಇಲ್ಲ, ಬರೀ ಸ್ನಾಯುವಿನ ಹಿಡಿತವಿದೆ. ಕಾಲನ್ನೆತ್ತಿ ಕಂಕುಳಲ್ಲಿ ಚೂರಿ ಆಡಿಸಿದರೆ ಭುಜದ ಹಲಗೆಯ ಸಮೇತ ಕಳಚಿ ಬರುತ್ತದೆ. ಹಿಂದೊಡೆಯನ್ನು ಹೊರಕ್ಕೆ ಮಡಚಿ ಕೊಯ್ಯುತ್ತಾ ಹೋದಾಗ ನೆಲ್ಲಿಕಾಯಿಯಂತೆ ಹೊಳೆಯುವ ಬಿಳಿಯ ಗುಂಡುಮೂಳೆ ಕಾಣುತ್ತದೆ. ಅದನ್ನು ಹಿಡಿದಿರುವ ನರವೊಂದನ್ನು ಕತ್ತರಿಸಿ ತಿರುಚಿದೊಡನೆ ಟಕ್ಕೆಂದು ತೊಡೆ ಬೇರೆಯಾಗುತ್ತದೆ. ಆಗಲೇ ಅದರ ಒಳಮಗ್ಗುಲನ್ನು ಮೂಳೆಯುದ್ದಕ್ಕೂ ಆಳವಾಗಿ ಸೀಳಿಬಿಡುತ್ತೇನೆ. ಸೀಳಿನೊಳಗೆ ಬೆರಳಿಟ್ಟರೆ ಬೆಳಗಿನ ಚಳಿಯಲ್ಲಿಯೂ ಒಲೆಯ ಪಕ್ಕ ಕೈಯಿಟ್ಟಂತೆ ಬಿಸಿ ತಾಗುತ್ತದೆ. ಅಡಿಕೆ ಹಾಳೆಗಳ ಮೇಲೆ ಬಿಡಿಸಿದ ತುಂಡುಗಳನ್ನು ತೆಳುಬಟ್ಟೆ ಸುತ್ತಿ, ಹಲಸಿನ ಕೊಂಬೆಗೆ ಒಂದಕ್ಕೊಂದು ತಾಗದಂತೆ ತೂಗುಹಾಕಿ, ಒಳಬಿಸಿ ಪೂರ್ತಿ ಆರುವವರೆಗೆ ಯಾರೆಷ್ಟು ಅವಸರಪಡಿಸಿದರೂ ಹೊರಡುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ತುಂಬಿದರೆ ಮಾಂಸ ಬೆವರುತ್ತದೆ.

ತೊಂಬತ್ತು ಕಿಲೋ ತೂಗುವ ಹಂದಿಯಿಂದ ಅರವತ್ತೈದು ಕಿಲೋದಷ್ಟು ಉಳಿಯುತ್ತದೆ. ತಲೆ, ಬೆನ್ನುಮೂಳೆ, ಈಲಿಗಳನ್ನು ಅಣ್ಣನ ಮನೆಗೇ ಬಿಟ್ಟು, ಉಳಿದದ್ದರ ದೊಡ್ಡ ಮೂಳೆಗಳನ್ನೂ ಬಿಡಿಸಿದರೆ ಮೂವರಿಗೆ ಹದಿನೈದು ಕಿಲೋದಂತೆ ಹೊರೆಯಾಗುತ್ತದೆ. ತಲೆಯ ಮೇಲೆ ಸಿಂಬೆಯಿಟ್ಟು ಹೊರುವುದು ಸಮನೆಲಕ್ಕೆ ಸರಿ, ಸಂಕಕ್ಕೆ ಆಗದು. ಬೆನ್ನಿಗಂಟಿದ ಗೋಣಿಚೀಲವೇ ವಾಸಿ, ಅದರೊಳಗೆ ಬಟ್ಟೆಯ ಸುತ್ತು ಹಾಗೆಯೇ ಇರಬೇಕು. ಸಂಕ ಹತ್ತುವಾಗ ಒಂದು ಹೆಗಲಿನ ಪಟ್ಟಿಯನ್ನು ಕಳಚಿಡುತ್ತೇವೆ, ಕಾಲು ಜಾರಿದರೆ ಹೊರೆ ಮಾತ್ರ ನೀರಿಗೆ ಹೋಗಲೆಂದು.

ಊರಮನೆಯ ಜಗುಲಿಯಲ್ಲಿ ಬಾಳೆಲೆ ಹಾಸಿ ಪಾಲು ಹಾಕಲು ಕೂರುತ್ತೇವೆ. ಆ ಏಪ್ರಿಲ್‌ನ ನಂತರ ಅಮ್ಮ ಇಂದಿಗೂ ತೊಡೆಯ ಸೀಳಿಗೆ ಮೂಗು ಹಿಡಿದು ನೋಡಿದ ಮೇಲೆಯೇ ನನ್ನ ಕೈಗೆ ತಕ್ಕಡಿ ಕೊಡುವುದು.