‘ಆದರೂ ಒಮ್ಮೆ’ ಎನ್ನದೆ ಎಚ್‌ಐವಿ ಭಯ ಬಿಡಿಸುವುದು

ಆಪ್ತಸಮಾಲೋಚನೆಯ ಕೋಣೆಗೆ ಬರುವ ಹಲವರ ಮೊದಲ ಮಾತು ‘ನನಗಲ್ಲ ಸರ್, ನನ್ನ ದೋಸ್ತನಿಗೆ’. ಅದನ್ನು ತಿದ್ದಲು ನಾನು ಹೋಗುವುದಿಲ್ಲ, ದೋಸ್ತನ ಬಗ್ಗೆಯೇ ಕೇಳುತ್ತೇನೆ. ಯಾರ ಜೊತೆ ಎಂದಲ್ಲ. ಯಾವ ದಿನ, ಎಷ್ಟು ಹೊತ್ತಿಗೆ ಎಂದು. 72 ಗಂಟೆಯೊಳಗೆ ಬಂದವರ ಕೆಲಸವೇ ಬೇರೆ, ತಡವಾಗಿ ಬಂದವರ ಕೆಲಸವೇ ಬೇರೆ.

ಎರಡನೆಯ ಪ್ರಶ್ನೆ, ಏನು ನಡೆಯಿತು. ‘ಸಂಪರ್ಕ ಆಯ್ತು’ ಎಂದರೆ ನನಗೆ ಏನೂ ತಿಳಿಯುವುದಿಲ್ಲ. ಕೈಯಿಂದಲೋ, ಬಾಯಿಂದಲೋ, ಯೋನಿಯೋ, ಗುದವೋ? ಕಾಂಡೋಮ್ ಇತ್ತೋ? ಇದ್ದರೆ ಕೊನೆತನಕ ಇತ್ತೋ? ಹರಿದ ಕಾಂಡೋಮ್ ಸಾಮಾನ್ಯವಾಗಿ ಕಣ್ಣಿಗೆ ಕಾಣುವ ಹಾಗೆಯೇ ಹರಿದಿರುತ್ತದೆ. ಸೂಜಿಮೊನೆಯಷ್ಟು ತೂತು ಇದ್ದಿರಬಹುದೇ ಎಂಬುದು ಆಮೇಲೆ, ರಾತ್ರಿ ಮಲಗಿದಾಗ ಹುಟ್ಟುವ ಸಂಶಯ. ಜಾರಲಿ ಎಂದು ಏನು ಹಚ್ಚಿದಿರಿ ಎಂದೂ ಕೇಳುತ್ತೇನೆ, ಯಾಕೆಂದರೆ ನಮ್ಮ ಕರಾವಳಿಯಲ್ಲಿ ಮೊದಲು ಕೈಗೆ ಸಿಗುವುದು ತೆಂಗಿನೆಣ್ಣೆ. ಎಣ್ಣೆ ತಾಗಿದರೆ ಲೇಟೆಕ್ಸ್ ಬಲ ಕಳೆದುಕೊಳ್ಳುತ್ತದೆ. ಎರಡು ಕಾಂಡೋಮ್ ಒಟ್ಟಿಗೆ ಹಾಕಿದರೆ ಒಂದಕ್ಕೊಂದು ಉಜ್ಜಿ ಹರಿಯುವುದೇ ಹೆಚ್ಚು.

ಇಷ್ಟು ತಿಳಿದರೆ ಅಪಾಯದ ಅಂದಾಜು ಸಿಗುತ್ತದೆ. ಮುತ್ತು, ಎಂಜಲು, ಬೆವರು, ಅಪ್ಪುಗೆ, ಕೈಯಿಂದ ಮಾಡಿದ್ದು, ಬಟ್ಟೆಯ ಮೇಲಿನ ಉಜ್ಜಾಟ, ಲಾಡ್ಜಿನ ಬಾತ್‌ರೂಮು: ಇವುಗಳಿಂದ ಎಚ್‌ಐವಿ ಬರುವುದಿಲ್ಲ. ಬಾಯಿಯಿಂದ ಮಾಡಿದ್ದರಲ್ಲಿ ಅಪಾಯ ತೀರಾ ಕಡಿಮೆ. ಸಂಗಾತಿಗೆ ಎಚ್‌ಐವಿ ಇದ್ದು ಚಿಕಿತ್ಸೆ ಪಡೆಯದಿದ್ದರೆ, ಕಾಂಡೋಮ್ ಇಲ್ಲದ ಯೋನಿ ಸಂಭೋಗದಲ್ಲಿ ಗಂಡಸಿಗೆ ತಗಲುವ ಸಂಭವ ಹತ್ತು ಸಾವಿರ ಸಲಕ್ಕೆ ಸುಮಾರು 4, ಹೆಂಗಸಿಗೆ ಸುಮಾರು 8. ಗುದ ಸಂಭೋಗದಲ್ಲಿ ಒಳಗೆ ತೆಗೆದುಕೊಳ್ಳುವವರಿಗೆ 138ರವರೆಗೆ ಏರುತ್ತದೆ. ಸಂಗಾತಿ ತಪ್ಪದೆ ಮಾತ್ರೆ ನುಂಗಿ, ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಪ್ರಮಾಣ) ಪತ್ತೆಯಾಗದ ಮಟ್ಟದಲ್ಲೇ ಉಳಿದಿದ್ದರೆ ಲೈಂಗಿಕ ಸಂಪರ್ಕದಿಂದ ಹರಡುವುದಿಲ್ಲ.

ನಿಜವಾದ ಅಪಾಯ ಇದ್ದು, 72 ಗಂಟೆ ದಾಟಿಲ್ಲವೆಂದರೆ ಮಾತು ಬೆಳೆಸದೆ ಜಿಲ್ಲಾ ಆಸ್ಪತ್ರೆಗೋ ತಾಲೂಕು ಆಸ್ಪತ್ರೆಗೋ ಕಳಿಸುವುದು, ರಾತ್ರಿಯಾದರೆ ತುರ್ತು ವಿಭಾಗಕ್ಕೇ. ಅಲ್ಲಿ ಕೊಡುವುದು ಪೆಪ್, ಅಂದರೆ ಸಂಪರ್ಕ ಆದ ಮೇಲೆ ಸೋಂಕು ತಗಲದಂತೆ ತಡೆಯುವ ಔಷಧ: ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ ಸೇರಿದ ಒಂದೇ ಮಾತ್ರೆ. ದಿನಕ್ಕೊಂದರಂತೆ 28 ದಿನ. ರಕ್ತ ಪರೀಕ್ಷೆಯ ವರದಿಗಾಗಿ ಮೊದಲ ಮಾತ್ರೆಯನ್ನು ತಡೆಯಬಾರದು. ಕಬ್ಬಿಣ, ಕ್ಯಾಲ್ಸಿಯಂ, ಗ್ಯಾಸಿನ ಔಷಧ ತೆಗೆದುಕೊಳ್ಳುವವರು ಈ ಮಾತ್ರೆಯನ್ನು ಅದಕ್ಕಿಂತ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ನುಂಗಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಪೆಪ್ ಶುರು ಮಾಡಿದವರಿಗೆ ಮುಂದಿನ ಪರೀಕ್ಷೆಗಳ ದಿನ ವೈದ್ಯರು ಬರೆದುಕೊಟ್ಟ ಪ್ರಕಾರ.

ಉಳಿದವರಿಗೆ ಚೀಟಿಯ ಹಿಂದೆ ತಾರೀಖು ಬರೆದುಕೊಡುತ್ತೇನೆ. ಬೋಟಿನಲ್ಲಿ ದುಡಿಯುವವರು ಮೀನುಗಾರಿಕೆ ನಿಲ್ಲುವ ಮುನ್ನ, ಮೇ 25ರ ರಾತ್ರಿಯ ಕತೆ ತಂದರೆನ್ನಿ. 42 ದಿನದ ಪರೀಕ್ಷೆಗೆ ಜುಲೈ 6, 90 ದಿನದ್ದಕ್ಕೆ ಆಗಸ್ಟ್ 23. ರ‍್ಯಾಪಿಡ್ ಕಾರ್ಡು ಹುಡುಕುವುದು ಪ್ರತಿಕಾಯವನ್ನು, ಅಂದರೆ ವೈರಸ್ಸಿನ ವಿರುದ್ಧ ಮೈ ತಯಾರಿಸುವ ವಸ್ತುವನ್ನು. ಹೆಚ್ಚಿನವರಲ್ಲಿ ಅದು ಮೊದಲೇ ಕಾಣಿಸಿದರೂ ಕೊನೆಯ ಮಾತು 90 ದಿನದ ಪರೀಕ್ಷೆಯದ್ದು. ಖಾಸಗಿ ಲ್ಯಾಬಿನ ನಾಲ್ಕನೇ ತಲೆಮಾರಿನ ಪರೀಕ್ಷೆ ವೈರಸ್ಸಿನದೇ ಭಾಗವಾದ ಪಿ24 ಪ್ರತಿಜನಕವನ್ನೂ ಹುಡುಕುವುದರಿಂದ ಅದಕ್ಕೆ ಕಾಯಬೇಕಾದದ್ದು 45 ದಿನ. ನಿಷೇಧ ಮುಗಿದು ಆಗಸ್ಟಿಗೆ ಬೋಟು ಮತ್ತೆ ಕಡಲಿಗಿಳಿದಿರುತ್ತದಲ್ಲ, ಹಾಗಾಗಿ 23ನೇ ತಾರೀಖೇ ಬೇಕೆಂದಿಲ್ಲ, ಅದಾದ ಮೇಲೆ ದಡದಲ್ಲಿರುವ ಯಾವ ದಿನವೂ ಆದೀತು. ಗುರುತಿನವರು ಕಂಡಾರು ಎಂಬ ಅಳುಕಿದ್ದರೆ ಬೇರೆ ತಾಲೂಕಿನ ಐಸಿಟಿಸಿಗೆ (ಸರ್ಕಾರಿ ಎಚ್‌ಐವಿ ಆಪ್ತಸಮಾಲೋಚನೆ, ಪರೀಕ್ಷಾ ಕೇಂದ್ರ) ಹೋಗಿ. ಅಲ್ಲೂ ಪರೀಕ್ಷೆ ಉಚಿತ, ವಿಷಯ ಗುಟ್ಟಾಗಿಡುವುದು 2017ರ ಎಚ್‌ಐವಿ ಕಾಯ್ದೆಯಂತೆ ಅವರ ಹೊಣೆ. ನಿಜವಾದ ಅಪಾಯ ಇದ್ದವರು ಅಲ್ಲಿಯವರೆಗೆ ಕಾಂಡೋಮ್ ಬಿಡಬಾರದು, ರಕ್ತ ಕೊಡಬಾರದು. ಪುಕ್ಕಟೆ ಪರೀಕ್ಷೆ ಆದೀತೆಂದು ರಕ್ತದಾನ ಶಿಬಿರಕ್ಕೆ ಹೋಗುವ ಜಾಣರಿದ್ದಾರೆ; ಸೋಂಕು ಇನ್ನೂ ಪರೀಕ್ಷೆಗೆ ಸಿಗದ ದಿನಗಳಾಗಿದ್ದರೆ ಆ ರಕ್ತ ಇನ್ನೊಬ್ಬರ ಮೈ ಸೇರುತ್ತದೆ.

ಕಾರ್ಡನ್ನು ಓದುವುದೂ ಗೊತ್ತಿರಬೇಕು. ‘ಸಿ’ ಎಂದರೆ ಕಂಟ್ರೋಲ್, ಕಾರ್ಡು ಸರಿ ಇದೆ ಎಂದು ತೋರಿಸುವ ಗೆರೆ. ‘ಸಿ’ ಎದುರು ಮಾತ್ರ ಗೆರೆ ಬಂದರೆ ನೆಗೆಟಿವ್. ‘ಸಿ’ ಗೆರೆಯೇ ಬಾರದಿದ್ದರೆ ಕಾರ್ಡು ಕೆಟ್ಟಿದೆ, ಹೊಸದು ಬೇಕು. ಕಿಟ್ಟಿನ ಕಾಗದದಲ್ಲಿ ಹೇಳಿದ ಸಮಯ ದಾಟಿದ ಮೇಲೆ ಮೂಡಿದ ಮಸುಕು ಗೆರೆ ಲೆಕ್ಕಕ್ಕಿಲ್ಲ. ಮರುದಿನ ಅದರ ಫೋಟೊ ತಂದು ತೋರಿಸಿದರೆ ನಾನು ನೋಡುವುದಿಲ್ಲ. ಮೊದಲ ಕಿಟ್ಟಿನಲ್ಲಿ ರಿಯಾಕ್ಟಿವ್ ಬಂದರೂ ಅದೇ ತೀರ್ಪಲ್ಲ. ಬೇರೆ ಬೇರೆ ಎರಡು ಕಿಟ್ಟುಗಳಲ್ಲಿ ಮತ್ತೆ ನೋಡಿಯೇ ಪಾಸಿಟಿವ್ ಎನ್ನುವುದು. ಸಿಫಿಲಿಸ್ ಪರೀಕ್ಷೆ ಜೊತೆಗೇ ಆಗಲಿ. ಎಚ್‌ಐವಿಯ ಗಾಬರಿಯಲ್ಲಿ ಅದನ್ನು ಎಲ್ಲರೂ ಮರೆಯುತ್ತಾರೆ, ತಗಲುವುದು ಮಾತ್ರ ಅದೇ ಸುಲಭ.

ಅದೇ ಮೇ 25ರವರಿಗೆ ಜೂನ್ ಮಧ್ಯಕ್ಕೆ ಜ್ವರ ಬರುತ್ತದೆ, ಗಂಟಲು ನೋಯುತ್ತದೆ. ಎರಡರಿಂದ ನಾಲ್ಕು ವಾರಕ್ಕೆ ಲಕ್ಷಣ ಎಂದು ಎಲ್ಲೋ ಓದಿರುತ್ತಾರೆ, ಲೆಕ್ಕವೂ ಸರಿಯಾಗಿ ಕೂಡಿಬರುತ್ತದೆ. ಆದರೆ ನಮ್ಮ ಮಳೆಗಾಲದಲ್ಲಿ ಜ್ವರ ಯಾರಿಗೆ ಬರುವುದಿಲ್ಲ? ಡೆಂಗ್ಯೂ, ಇಲಿಜ್ವರ ನೋಡಿಸಿ, ಅವುಗಳಲ್ಲಿ ತಡ ಮಾಡಿದರೆ ಪ್ರಾಣಕ್ಕೇ ಸಂಚಕಾರ. ಲಕ್ಷಣ ನೋಡಿ ಎಚ್‌ಐವಿ ಇದೆ ಎಂದಾಗಲಿ, ಇಲ್ಲ ಎಂದಾಗಲಿ ಹೇಳಲು ಬರುವುದಿಲ್ಲ. ದಿನಕ್ಕೆ ಇಪ್ಪತ್ತು ಸಲ ಕುತ್ತಿಗೆ ಹಿಚುಕಿ ಗಂಟು ಹುಡುಕಿದರೆ ಹಿಚುಕಿದ್ದಕ್ಕೇ ಅಲ್ಲಿ ನೋವು ಬರುತ್ತದೆ.

ಈ ಕೆಲಸದಲ್ಲಿರುವವರು ಮಾಡುವ ದೊಡ್ಡ ತಪ್ಪು ‘ಆದರೂ’ ಎಂಬ ಒಂದು ಶಬ್ದ. ‘ನಿಮಗೆ ಅಪಾಯವಿಲ್ಲ, ಆದರೂ ಒಮ್ಮೆ ಮಾಡಿಸಿಬಿಡಿ, ಸಮಾಧಾನಕ್ಕೆ.’ ಎದುರು ಕೂತವನ ಕಿವಿಗೆ ಬೀಳುವುದು ‘ಆದರೂ’ ಅಷ್ಟೇ. ನೆಗೆಟಿವ್ ಬಂದರೆ ಎರಡು ದಿನ ನಿದ್ದೆ, ಮೂರನೆಯ ದಿನ ಇನ್ನೊಂದು ಲ್ಯಾಬು. ಕೈ ಹಿಡಿದದ್ದಕ್ಕೆ, ಮುತ್ತಿಟ್ಟದ್ದಕ್ಕೆ ಪರೀಕ್ಷೆ ಬೇಡ ಎಂದು ನಾನು ಸ್ಪಷ್ಟವಾಗಿ ಹೇಳಿ ಅಲ್ಲಿಗೇ ನಿಲ್ಲಿಸುತ್ತೇನೆ. ಎಂದೂ ಪರೀಕ್ಷೆ ಮಾಡಿಸದವರು ಬೇಕಿದ್ದರೆ ಮಾಡಿಸಲಿ, ಆ ರಾತ್ರಿಯ ಹೆಸರಿನಲ್ಲಿ ಬೇಡ.

90 ದಿನದ ನೆಗೆಟಿವ್ ಕೈಯಲ್ಲಿಟ್ಟುಕೊಂಡು, ಮತ್ತೆ ಅಪಾಯವೇನೂ ಆಗದಿದ್ದರೂ ಪುನಃ ಬಂದವರ ರಕ್ತ ತೆಗೆಸುವುದಿಲ್ಲ. ನಿದ್ದೆ ಎಷ್ಟು ಗಂಟೆ, ಊಟ ಸೇರುತ್ತದೋ, ಹೆಂಡತಿಗೆ ತಿಳಿದೀತೆಂಬ ಹೆದರಿಕೆಯೋ, ಮಾಡಿದ್ದು ಪಾಪವೆಂಬ ಕೊರಗೋ ಎಂದು ಕೇಳುತ್ತೇನೆ. ಆ ಕೊರಗಿಗೆ ಕಾರ್ಡಿನಲ್ಲಿ ಗೆರೆ ಇಲ್ಲ. ಎರಡು ವಾರ ನಿದ್ದೆಗೆಟ್ಟಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ಚೀಟಿ ಬರೆಯುತ್ತೇನೆ. ಅಷ್ಟು ದೂರ ಬರಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು. ಎಚ್‌ಐವಿಯದ್ದೇ ಪ್ರಶ್ನೆ ಉಳಿದಿದ್ದರೆ ಎಚ್‌ಐವಿ ಸಹಾಯವಾಣಿ 1097.