ವಿದೇಶದಿಂದ ಕೊಡಗಿಗೆ ವಾಪಸ್: ಮೊದಲು ಏನು, ಆಮೇಲೆ ಏನು?

ದುಬೈ, ಮಸ್ಕತ್, ಮೆಲ್ಬರ್ನ್, ಡಲ್ಲಾಸ್ ಅಂತ ಹತ್ತು ಹದಿನೈದು ವರ್ಷ ಇದ್ದು ಊರಿಗೆ ಬಂದು ಕೂರುವವರು ನಮ್ಮ ಕೊಡಗಿನಲ್ಲಿ ಕಡಿಮೆಯೇನಿಲ್ಲ. ಹೆಚ್ಚಿನವರ ಕಥೆ ಒಂದೇ. ಡಿಸೆಂಬರ್ ರಜೆಯಲ್ಲಿ ಬರುತ್ತಾರೆ, ಕಣದಲ್ಲಿ ಕಾಫಿ ಒಣಗುತ್ತಿರುತ್ತದೆ, ಹಿತವಾದ ಬಿಸಿಲು, ಸಂಜೆ ಚಳಿ, ಹಂದಿ ಸಾರು. ಸಾಕಪ್ಪಾ ಆ ಕೆಲಸ ಅಂತ ಅಲ್ಲೇ ತೀರ್ಮಾನ. ಮನೆ ಒಡೆಸಿ ಕಟ್ಟಿಸುತ್ತಾರೆ, ತೋಟಕ್ಕೆ ಅಡ್ವಾನ್ಸ್ ಕೊಡುತ್ತಾರೆ. ಮುಂದಿನ ಜುಲೈ ಹೊತ್ತಿಗೆ ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುತ್ತಿರುತ್ತಾರೆ. ಇವರು ಮಾಡಿದ್ದೆಲ್ಲ ಮಾಡಬೇಕಾದ ಕೆಲಸವೇ, ಆದರೆ ಕ್ರಮ ತಲೆಕೆಳಗು. ಸರಿಯಾದ ಕ್ರಮ ಹೀಗೆ.

1. ತಿಂಗಳು ನೋಡಿ ಹೊರಡಿ

ಅಕ್ಟೋಬರ್ ಎರಡನೇ ವಾರ ಬನ್ನಿ. ಮಳೆ ಹಿಂದೆ ಸರಿದಿರುತ್ತದೆ, ತುಲಾ ಸಂಕ್ರಮಣಕ್ಕೆ ತಲಕಾವೇರಿಗೂ ಹೋಗಬಹುದು. ಇದಕ್ಕೆ ತೆರಿಗೆಯ ಕಾರಣವೂ ಇದೆ, ಮುಂದೆ ಹೇಳುತ್ತೇನೆ.

ಹೊರಡುವ ಮೊದಲು ಅಲ್ಲೇ ಮುಗಿಸಬೇಕಾದ್ದು: ಮಕ್ಕಳದ್ದು ಆ ದೇಶದ ಪಾಸ್‌ಪೋರ್ಟ್ ಆಗಿದ್ದರೆ ಒಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್), ಶಾಲೆಯ ದಾಖಲೆಗಳು, ಮತ್ತು ಅಲ್ಲಿನ ಬ್ಯಾಂಕಿನ ಒಟಿಪಿ ಯಾವ ನಂಬರಿಗೆ ಬರುತ್ತದೆ ಅನ್ನುವುದು. ಆ ಸಿಮ್ ರದ್ದು ಮಾಡಿ ಬಂದು, ಆಮೇಲೆ ಇಲ್ಲಿ ಕೂತು ತಲೆ ಚಚ್ಚಿಕೊಳ್ಳುವವರು ಬೇಕಾದಷ್ಟು ಜನ. ಅಮೆರಿಕದಿಂದ ಮಿಕ್ಸಿ, ಮೈಕ್ರೋವೇವ್ ತರಬೇಡಿ. ಅಲ್ಲಿ 120 ವೋಲ್ಟ್, ಇಲ್ಲಿ 230. ಟ್ರಾನ್ಸ್‌ಫಾರ್ಮರ್ ಇಟ್ಟು ಓಡಿಸಬಹುದು ಅನ್ನುತ್ತಾರೆ, ಸುಮ್ನೆ ಜಾಗ ದಂಡ. ಗಲ್ಫಿನ ಸಾಮಾನು ನಡೆಯುತ್ತದೆ, ಪ್ಲಗ್ ಬದಲಿಸಿದರೆ ಸಾಕು.

2. ಬ್ಯಾಂಕ್ ಕೆಲಸ: ಎಲ್ಲರೂ ಎಡವುವುದು ಇಲ್ಲೇ

ಇದನ್ನು ನಿಧಾನವಾಗಿ ಓದಿ. ನೀವು ಇಲ್ಲಿನ ನಿವಾಸಿಯೋ ಅನಿವಾಸಿಯೋ ಅಂತ ಹೇಳುವ ಕಾನೂನು ಎರಡಿವೆ, ಎರಡರ ಲೆಕ್ಕವೂ ಬೇರೆ. ಒಂದು ಫೆಮಾ, ಅಂದರೆ ವಿದೇಶಿ ವಿನಿಮಯದ ಕಾನೂನು. ಇನ್ನೊಂದು ಆದಾಯ ತೆರಿಗೆ. ಫೆಮಾ ನೋಡುವುದು ನಿಮ್ಮ ಉದ್ದೇಶವನ್ನು. ಇಲ್ಲೇ ನೆಲೆಸಲು ಅಂತ ಬಂದಿಳಿದರೆ ಅವತ್ತಿನಿಂದಲೇ ನೀವು ನಿವಾಸಿ. ಆದಾಯ ತೆರಿಗೆ ದಿನ ಎಣಿಸುತ್ತದೆ.

ಜನ ಇವೆರಡನ್ನೂ ಕಲಸಿಬಿಡುತ್ತಾರೆ. 182 ದಿನ ಆಗುವ ತನಕ ನಾನು ಎನ್‌ಆರ್‌ಐ, ಅಲ್ಲಿವರೆಗೆ ಎನ್‌ಆರ್‌ಇ ಖಾತೆ (ವಿದೇಶದ ದುಡಿಮೆಯನ್ನು ಇಲ್ಲಿ ರೂಪಾಯಿಯಲ್ಲಿ ಇಡುವ ಅನಿವಾಸಿ ಖಾತೆ) ಹಾಗೇ ಇರಲಿ ಅಂದುಕೊಳ್ಳುತ್ತಾರೆ. ಅದು ತಪ್ಪು. ಬಂದ ತಕ್ಷಣ ಬ್ಯಾಂಕಿಗೆ ತಿಳಿಸಿ ಎನ್‌ಆರ್‌ಇ ಖಾತೆಯನ್ನೂ, ಇಲ್ಲಿನ ಆದಾಯ ಹಾಕುವ ಎನ್‌ಆರ್‌ಒ ಖಾತೆಯನ್ನೂ ನಿವಾಸಿ ಖಾತೆಗೆ ಬದಲಿಸಬೇಕು. ಎನ್‌ಆರ್‌ಇ ಬಡ್ಡಿಗೆ ತೆರಿಗೆ ಇಲ್ಲದಿರುವುದು ಫೆಮಾ ಪ್ರಕಾರ ನೀವು ಅನಿವಾಸಿ ಆಗಿರುವ ತನಕ ಮಾತ್ರ. ಖಾತೆಯ ಹೆಸರು ಬದಲಾಗಿಲ್ಲ ಅಂತ ವಿನಾಯಿತಿ ಮುಂದುವರಿಯುವುದಿಲ್ಲ. ಸಣ್ಣ ಊರಿನ ಶಾಖೆಗಳಲ್ಲಿ ‘ಇರಲಿ ಬಿಡಿ ಸಾರ್, ಅವಸರ ಏನು’ ಅನ್ನುವವರೂ ಸಿಗುತ್ತಾರೆ. ಡೆಪಾಸಿಟ್ ಕೈಬಿಟ್ಟು ಹೋಗಬಾರದು ಅನ್ನುವುದು ಅವರ ಚಿಂತೆ. ನೀವು ಅರ್ಜಿ ಬರೆದು ಕೊಟ್ಟು, ಪ್ರತಿಗೆ ಸೀಲು ಹಾಕಿಸಿಕೊಂಡೇ ಎದ್ದು ಬನ್ನಿ.

ಡಾಲರ್, ಪೌಂಡಿನಲ್ಲೇ ಇಟ್ಟಿರುವ ಎಫ್‌ಸಿಎನ್‌ಆರ್ ಡೆಪಾಸಿಟ್ ಇದ್ದರೆ ಗಾಬರಿ ಬೇಡ. ಅದನ್ನು ಒಪ್ಪಿದ ಬಡ್ಡಿಗೇ ಅವಧಿ ಮುಗಿಯುವ ತನಕ ಬಿಡಬಹುದು. ಆಮೇಲೆ ರೂಪಾಯಿ ಖಾತೆಗೋ ಆರ್‌ಎಫ್‌ಸಿ ಖಾತೆಗೋ ಹಾಕಿ. ಆರ್‌ಎಫ್‌ಸಿ ಅಂದರೆ ವಾಪಸ್ ಬಂದವರು ವಿದೇಶಿ ಹಣವನ್ನು ಆ ಕರೆನ್ಸಿಯಲ್ಲೇ ಇಟ್ಟುಕೊಳ್ಳುವ ಖಾತೆ. ಇದನ್ನು ಬ್ಯಾಂಕಿನವರು ತಾವಾಗಿ ಹೇಳುವುದು ಅಪರೂಪ, ನೀವೇ ಕೇಳಬೇಕು. ಮಗಳು ಅಲ್ಲೇ ಓದುತ್ತಿದ್ದಾಳೆ, ಎರಡು ವರ್ಷದಲ್ಲಿ ಮತ್ತೆ ಹೋಗುವ ಯೋಚನೆಯೂ ಇದೆ ಅನ್ನುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಇದ್ದಬದ್ದ ಡಾಲರನ್ನೆಲ್ಲ ಬಂದ ವಾರವೇ ರೂಪಾಯಿ ಮಾಡಿಸಬೇಡಿ.

ಈಗ ದಿನದ ಲೆಕ್ಕ. ಆರ್ಥಿಕ ವರ್ಷ ಏಪ್ರಿಲ್‌ನಿಂದ ಮಾರ್ಚ್. ಅಕ್ಟೋಬರ್ ಎರಡನೇ ವಾರ ಬಂದರೆ ಮಾರ್ಚ್ 31ಕ್ಕೆ 182 ದಿನ ತುಂಬುವುದಿಲ್ಲ, ಹಾಗಾಗಿ ಆ ವರ್ಷ ತೆರಿಗೆಗೆ ನೀವು ಅನಿವಾಸಿಯೇ. ಆದರೆ ಮೇ ತಿಂಗಳಲ್ಲಿ ತಂಗಿ ಮದುವೆಗೆ ಅಂತ ಮೂರು ವಾರ ಬಂದು ಹೋಗಿದ್ದರೆ ಅದೂ ಸೇರಿ 182 ದಾಟಿಬಿಡಬಹುದು. ಇನ್ನೊಂದು ಗುಂಡಿ ಇದೆ. ಹಿಂದಿನ ನಾಲ್ಕು ವರ್ಷಗಳಲ್ಲಿ ನೀವು ಇಲ್ಲಿದ್ದ ದಿನಗಳೆಲ್ಲ ಸೇರಿ 365 ಆಗಿದ್ದರೆ, ಬಂದ ವರ್ಷ ಬರೀ 60 ದಿನ ಇದ್ದರೂ ನಿವಾಸಿ ಅನ್ನಿಸಿಕೊಳ್ಳಬಹುದು. ವರ್ಷಕ್ಕೊಂದು ತಿಂಗಳ ರಜೆಗೆ ಬರುತ್ತಿದ್ದವರಿಗೆ ಇದು ತಟ್ಟುವುದಿಲ್ಲ. ಮನೆಯಿಂದಲೇ ಕೆಲಸ ಅಂತ ವರ್ಷಕ್ಕೆ ನಾಲ್ಕು ತಿಂಗಳು ಇಲ್ಲೇ ಇದ್ದವರಿಗೆ ತಟ್ಟುತ್ತದೆ. ಹಳೆ ಪಾಸ್‌ಪೋರ್ಟ್‌ಗಳನ್ನು ಎಸೆಯಬೇಡಿ, ಸೀಲು ನೋಡಿ ದಿನ ಎಣಿಸಲು ಬೇಕು.

ಅದಾದ ಮೇಲೆ ಸಿಗುವುದು ಆರ್‌ಎನ್‌ಒಆರ್ ಅನ್ನುವ ನಡುವಿನ ಸ್ಥಿತಿ, ಅಂದರೆ ತೆರಿಗೆಗೆ ನಿವಾಸಿ ಹೌದು, ಆದರೆ ಪೂರ್ತಿ ನಿವಾಸಿ ಅಲ್ಲ. ಹಿಂದಿನ 10 ವರ್ಷದಲ್ಲಿ 9 ವರ್ಷ ಅನಿವಾಸಿ ಆಗಿದ್ದರೆ, ಅಥವಾ ಹಿಂದಿನ 7 ವರ್ಷದಲ್ಲಿ ಇಲ್ಲಿದ್ದದ್ದು 729 ದಿನ ಮೀರದಿದ್ದರೆ ಸಿಗುತ್ತದೆ. ಬಹಳ ವರ್ಷ ಹೊರಗಿದ್ದವರಿಗೆ ಸಾಮಾನ್ಯವಾಗಿ ಎರಡು ವರ್ಷ, ಕೆಲವರಿಗೆ ಮೂರು. ಈ ಅವಧಿಯಲ್ಲಿ ಅಲ್ಲಿನ ಬಡ್ಡಿ, ಅಲ್ಲಿನ ಮನೆ ಬಾಡಿಗೆಗೆ ಇಲ್ಲಿ ತೆರಿಗೆ ಇಲ್ಲ. ಅಲ್ಲಿ ಮಾರುವುದು, ಮುಚ್ಚುವುದು ಏನಿದ್ದರೂ ಇದರೊಳಗೆ ಮುಗಿಸಿ. ಅವಧಿ ಮುಗಿದ ಮೇಲೆ ಅಲ್ಲಿನ ಆದಾಯಕ್ಕೂ ಇಲ್ಲಿ ತೆರಿಗೆ, ರಿಟರ್ನ್‌ನಲ್ಲಿ ವಿದೇಶಿ ಆಸ್ತಿಯ ವಿವರವನ್ನೂ ಬರೆಯಬೇಕು. ಬರೆಯದಿದ್ದರೆ 2015ರ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿ ದಂಡಕ್ಕೆ ಅವಕಾಶ ಇದೆ. ಒಂದು ಸಲ ಒಳ್ಳೆಯ ಸಿ.ಎ. ಹತ್ತಿರ ಕೂತು ಮಾತಾಡಿ. ಫೀಸು ಜಾಸ್ತಿ ಅಂತ ಅನ್ನಿಸಿದರೂ ಕೊಡಿ. ವಾಟ್ಸ್ಆ್ಯಪ್ ಗ್ರೂಪಿನ ಸಲಹೆ ಬೇಡ.

3. ಉಳಿದ ಕಾಗದಪತ್ರ

ಆಧಾರ್, ಪ್ಯಾನ್ ಜೋಡಣೆ, ಗ್ಯಾಸ್: ಒಂದೊಂದು ಅರ್ಧ ದಿನದ ಕೆಲಸ. ಡ್ರೈವಿಂಗ್ ಲೈಸೆನ್ಸ್ ಅವಧಿ ಮುಗಿದು ಒಂದು ವರ್ಷ ದಾಟಿದ್ದರೆ ಮತ್ತೆ ಟೆಸ್ಟ್ ಕೊಡಬೇಕು.

4. ಮನೆ

ಬೀಗ ಹಾಕಿದ್ದ ಮನೆ ರಿಪೇರಿಗೆ ನವೆಂಬರ್‌ನಲ್ಲಿ ಆಳು ಹುಡುಕಬೇಡಿ. ಅರೇಬಿಕಾ ಕೊಯ್ಲು ಶುರುವಾದರೆ ರೊಬಸ್ಟಾ ಮುಗಿಯುವ ತನಕ, ಅಂದರೆ ಫೆಬ್ರವರಿ ಕೊನೆವರೆಗೂ, ಕೈಕಾಲು ಗಟ್ಟಿ ಇರುವವರೆಲ್ಲ ತೋಟದಲ್ಲಿ. ನಿಮಗೆ ಸಿಗುವುದು ಮಾರ್ಚ್, ಏಪ್ರಿಲ್. ಆಗ ಹೆಂಚು ಕೈಯಾಡಿಸಿ, ಮನೆ ಮೇಲೆ ಬಾಗಿದ ಕೊಂಬೆ ಕಡಿಸಿ, ಮನೆ ಹಿಂದಿನ ಬರೆಯ (ಕಡಿದಾದ ಮಣ್ಣಿನ ದಿಣ್ಣೆ) ಕಡೆ ನೀರು ಸರಾಗ ಹೋಗುತ್ತದಾ ನೋಡಿ. 2018ರ ಆಗಸ್ಟ್‌ನ ಭೂಕುಸಿತ ನೋಡಿದ ಮೇಲೂ ಬರೆ ಕಡಿದು ಕಾರ್ ಶೆಡ್ ಕಟ್ಟುವವರಿದ್ದಾರೆ, ಏನು ಹೇಳೋದು.

ತೇವ ಇರುವ ಗೋಡೆಗೆ ದುಬಾರಿ ವಾಟರ್‌ಪ್ರೂಫ್ ಪೇಂಟ್ ಬಳಿಸಬೇಡಿ. ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕದೆ ಮೇಲೆ ಪೇಂಟ್ ಮುಚ್ಚಿದರೆ ಜುಲೈನಲ್ಲಿ ಗುಳ್ಳೆ ಎದ್ದು, ಬೆರಳಲ್ಲಿ ಒತ್ತಿದರೆ ಪಚಕ್ ಅಂತ ನೀರು ಹೊರಗೆ ಬರುತ್ತದೆ. ಬೀರುವನ್ನು ಹೊರಗೋಡೆಗೆ ಒರಗಿಸಬೇಡಿ, ಒಂದು ಗೇಣು ಜಾಗ ಬಿಡಿ. ಲೆದರ್ ಶೂ, ಬೆಲ್ಟ್, ಡಿಗ್ರಿ ಸರ್ಟಿಫಿಕೇಟ್ ಎಲ್ಲಕ್ಕೂ ಬೂಷ್ಟು ಬರುತ್ತದೆ. ಆನ್‌ಲೈನಿನಲ್ಲಿ ಎರಡು ಮೂರು ಸಾವಿರಕ್ಕೆ ಸಿಗುವ ಅಂಗೈಯಗಲದ ಡಿಹ್ಯೂಮಿಡಿಫೈಯರ್ ಆಟಿಕೆ, ನಮ್ಮ ಮಳೆಗೆ ಅದು ಸಾಲದು. ತೆಗೆದುಕೊಳ್ಳುವುದಾದರೆ ಕಂಪ್ರೆಸರ್ ಇರುವ ದೊಡ್ಡದನ್ನೇ ತಗೊಳ್ಳಿ, ಆದರೆ ಅದಕ್ಕೆ ಕರೆಂಟ್ ಬೇಕು, ಮಳೆಗಾಲದಲ್ಲಿ ಮರ ಬಿದ್ದರೆ ಅದು ಯಾವಾಗ ಬರುತ್ತದೋ. ನನ್ನ ಮತ ಹಳೆಯ ಬಚ್ಚಲೊಲೆಗೆ. ಅದನ್ನು ಒಡೆಸಬೇಡಿ. ಮೇಲೆ ಹಗ್ಗ ಕಟ್ಟಿದರೆ ಬಟ್ಟೆ ಒಣಗುತ್ತದೆ, ಹಂಡೆಯಲ್ಲಿ ನೀರೂ ಕಾಯುತ್ತದೆ. ಮೇ ಮುಗಿಯುವುದರೊಳಗೆ ಒಣ ಸೌದೆ ಕೊಟ್ಟಿಗೆ ಸೇರಿರಬೇಕು.

ಲ್ಯಾಪ್‌ಟಾಪ್ ಕೆಲಸ ಇದ್ದವರು ಇನ್ವರ್ಟರ್ ಜೊತೆಗೆ ಎರಡು ಬೇರೆ ಬೇರೆ ಕಂಪನಿಯ ಸಿಮ್ ಇಟ್ಟುಕೊಳ್ಳಿ. ಫೈಬರ್ ಒಂದನ್ನೇ ನಂಬಬೇಡಿ.

5. ಜನ

ನೀವಿಲ್ಲದಾಗ ಸಾವಾದ ಮನೆಗಳಿಗೆ ಮೊದಲು ಹೋಗಿ. ಮದುವೆ ಊಟಕ್ಕೆ ಹೋದದ್ದನ್ನು ಯಾರೂ ನೆನಪಿಡುವುದಿಲ್ಲ, ಇದನ್ನು ನೆನಪಿಡುತ್ತಾರೆ. ಅಲ್ಲಿಗೆ ಚಾಕೊಲೇಟ್ ಡಬ್ಬ ಹಿಡಿದು ಹೋಗಬೇಡಿ, ಹಣ್ಣು ಸಾಕು. ಪಟ್ಟಿ ಬೇಕಿದ್ದರೆ ಅಮ್ಮನನ್ನೋ ದೊಡ್ಡಮ್ಮನನ್ನೋ ಕೇಳಿ, ತಾರೀಖಿನ ಸಮೇತ ಹೇಳುತ್ತಾರೆ.

ಸಾಲ ಕೇಳುವವರು ಮೊದಲ ತಿಂಗಳೇ ಬರುತ್ತಾರೆ. ‘ದುಡ್ಡೆಲ್ಲ ಡೆಪಾಸಿಟ್‌ನಲ್ಲಿದೆ ಅಣ್ಣ, ಈಗ ಮುರಿಯೋಕಾಗಲ್ಲ’ ಅನ್ನಿ. ಎರಡನೇ ಹೆಜ್ಜೆ ಸರಿಯಾಗಿ ಮಾಡಿದ್ದರೆ ಇದು ಸುಳ್ಳೂ ಅಲ್ಲ.

6. ತೋಟ, ಕೊನೆಗೆ

ಎನ್‌ಆರ್‌ಐ ಆಗಿರುವಾಗ ಕೃಷಿ ಭೂಮಿ, ತೋಟ ಕೊಳ್ಳಲು ಫೆಮಾದಲ್ಲಿ ಅವಕಾಶವಿಲ್ಲ, ಪಿತ್ರಾರ್ಜಿತವಾಗಿ ಬಂದದ್ದು ಇಟ್ಟುಕೊಳ್ಳಬಹುದು ಅಷ್ಟೆ. ಅದಕ್ಕೇ ಭಾವನ ಹೆಸರಲ್ಲಿ ಕೊಂಡು ಆಮೇಲೆ ಮಾತು ಬಿಟ್ಟವರಿದ್ದಾರೆ. ನಿಮ್ಮದೇ ಅಪ್ಪನ ಕಾಲದ ತೋಟ ಇದ್ದರೆ ಮೊದಲು ಪಹಣಿ ತೆಗೆಸಿ ನೋಡಿ. ತೀರಿಹೋದ ಅಜ್ಜನ ಹೆಸರೇ ಇನ್ನೂ ಇದ್ದರೆ ಪೌತಿ ಖಾತೆಗೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಿಸಲು, ಅರ್ಜಿ ಹಾಕಿ. ಕೊಡಗಿನಲ್ಲಿ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಾಗವಾದರೆ ಕುಟುಂಬದ ಹತ್ತಾರು ಹೆಸರು ಒಟ್ಟಿಗೆ ಇರುತ್ತವೆ, ಹಿರಿಯರನ್ನು ಕೂರಿಸಿ ಮಾತಾಡದೆ ಒಂದು ಬೇಲಿ ಕಂಬವನ್ನೂ ನೆಡಬೇಡಿ.

ಹೊಸ ತೋಟ ಬೇಕೇ ಬೇಕು ಅನ್ನುವವರು 2024-25ರ ಕಾಫಿ ರೇಟು ಹಿಡಿದು ಲೆಕ್ಕ ಹಾಕಬೇಡಿ, ಅಂಥ ರೇಟು ಹಿಂದೆ ಯಾರೂ ಕಂಡಿರಲಿಲ್ಲ. ಬ್ರೋಕರ್ ತೋರಿಸುವುದು ಮಾರ್ಚ್‌ನಲ್ಲಿ, ಹೂವು ಬಿಟ್ಟಾಗ. ನೀವು ಜುಲೈನಲ್ಲಿ ಹೋಗಿ, ಜೀಪು ಎಲ್ಲಿವರೆಗೆ ಹೋಗುತ್ತದೆ ಅಂತ ನೋಡಿ. ಆನೆ ಯಾವ ಕಡೆಯಿಂದ ಬರುತ್ತದೆ ಅನ್ನುವುದನ್ನು ಲೈನ್ ಮನೆಯಲ್ಲಿರುವ ತೋಟದ ಕೆಲಸದವರ ಹತ್ತಿರ ಕೇಳಿ, ಬ್ರೋಕರ್ ಹತ್ತಿರ ಕೇಳಿದರೆ ಈ ಕಡೆ ಆನೆಯೇ ಇಲ್ಲ ಅನ್ನುತ್ತಾನೆ.