ಫಿನ್ಯೋಗ್: ಐರಿಷ್ ಕಿಟಕಿಯ ಬೆನ್ನು ಹತ್ತಿ

ಡಬ್ಲಿನ್‌ನಲ್ಲಿ ಸಂಜೆಯ ಐರಿಷ್ ತರಗತಿಗೆ ಸೇರಿದ ಮೊದಲ ವಾರ. ಹೊರಗಿನಿಂದ ಚಳಿಗಾಳಿ ನುಗ್ಗುತ್ತಿತ್ತು. ಪಾಠ ಹೇಳುತ್ತಿದ್ದವರು ನನ್ನತ್ತ ತಿರುಗಿ, "ಡೂನ್ ಅನ್ ಇನ್ಯೋಗ್" ಎಂದರು. ಎದ್ದು ಕಿಟಕಿ ಮುಚ್ಚಿದೆ. ಮನೆಗೆ ಬಂದು ನಿಘಂಟಿನಲ್ಲಿ ‘ಇನ್ಯೋಗ್’ ಹುಡುಕಿದರೆ ಅಂಥ ಪದವೇ ಇಲ್ಲ!

ಮೂಲ ಪದ ‘ಫಿನ್ಯೋಗ್’. ಸ್ತ್ರೀಲಿಂಗದ ಪದದ ಹಿಂದೆ, ಇಂಗ್ಲಿಷಿನ ‘ದ’ (the) ಇದ್ದಂತೆ, ‘ಅನ್’ ಸೇರಿದಾಗ ಮೊದಲ ವ್ಯಂಜನ ಮೆತ್ತಗಾಗುತ್ತದೆ. ಅದು ಫಕಾರವಾಗಿದ್ದರೆ ಉಚ್ಚಾರದಲ್ಲಿ ಉಳಿಯುವುದೇ ಇಲ್ಲ. ‘ಬೆಟ್ಟದಾವರೆ’ ಕೇಳಿದವರು ನಿಘಂಟಿನಲ್ಲಿ ‘ದಾವರೆ’ ಹುಡುಕಿದಂತಾಗಿತ್ತು ನನ್ನ ಕೆಲಸ. ಈಗ ಸ್ವರದಿಂದ ಶುರುವಾಗುವ ಪದ ಸಿಗದಿದ್ದರೆ, ಮೊದಲು ಅದರ ಆರಂಭಕ್ಕೆ ಫಕಾರವಿಟ್ಟು ನೋಡುತ್ತೇನೆ.

ಆ ಫಕಾರವೇ ಮತ್ತೆ ದಾರಿ ತಪ್ಪಿಸಿತು. ಕಿಟಕಿಯನ್ನು ಹೇಳುವ ಲ್ಯಾಟಿನ್ನಿನ ‘ಫೆನೆಸ್ತ್ರ’ದಿಂದ ಬಂದಿರಬೇಕು ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆದುಬಿಟ್ಟೆ. ಆದರೆ ಲ್ಯಾಟಿನ್ನಿನಿಂದ ಬಹಳ ಹಿಂದೆ ಐರಿಷ್‌ಗೆ ಬಂದ ಪದಗಳಲ್ಲಿ ಮೊದಲ ಫಕಾರ ಸಕಾರವಾಗಿದೆ. ಒಲೆಯ ‘ಫುರ್ನುಸ್’ ಇಲ್ಲಿ ‘ಸೊರ್ನ್’. ಕಡಿವಾಣದ ‘ಫ್ರೇನುಮ್’ ‘ಸ್ರಿಯನ್’. ಹಾಗಾದರೆ ಫೆನೆಸ್ತ್ರ ಎಲ್ಲಿ ಹೋಯಿತು? ರಾಯಲ್ ಐರಿಷ್ ಅಕಾಡೆಮಿ 1913ರಿಂದ 1976ರವರೆಗೆ ಕಂತುಕಂತಾಗಿ ಹೊರತಂದ ಹಳೆಯ ಐರಿಷ್ ನಿಘಂಟಿನಲ್ಲಿ, ಸಕಾರದ ಪುಟಗಳಲ್ಲಿ ಕೂತಿತ್ತು: ‘ಸೆನೆಸ್ತೆರ್’, ಕಿಟಕಿ. ಆ ಸಂಜೆಯ ಸಂತೋಷ ಇನ್ನೂ ನೆನಪಿದೆ. ಲ್ಯಾಟಿನ್ ಪದ ಬಂದಿತ್ತು, ಬಳಕೆಯಲ್ಲಿತ್ತು, ಆಮೇಲೆ ಇನ್ನೊಂದು ಪದಕ್ಕೆ ಜಾಗ ಬಿಟ್ಟುಕೊಟ್ಟಿತ್ತು.

ಆ ಇನ್ನೊಂದು ಪದ ಸ್ಕ್ಯಾಂಡಿನೇವಿಯಾದಿಂದ ಹಡಗುಗಳಲ್ಲಿ ಬಂದ ವೈಕಿಂಗರದು. 841ರಲ್ಲಿ ಅವರು ಡಬ್ಲಿನ್‌ನಲ್ಲಿ ಬೀಡು ಬಿಟ್ಟರು. ಸಂತೆಯನ್ನು ಹೇಳುವ ಐರಿಷ್ ಪದವೂ ಅವರ ನಾರ್ಸ್ ಭಾಷೆಯದೇ. ಅದೇ ಭಾಷೆಯ ‘ವಿಂದ್‌ಔಗ’ ಐರಿಷರ ಬಾಯಲ್ಲಿ ಫಿನ್ಯೋಗ್ ಆಯಿತು, ಇಂಗ್ಲಿಷರ ಬಾಯಲ್ಲಿ ವಿಂಡೋ ಆಯಿತು. ಕೊನೆಯ ‘ಔಗ’ ಐರಿಷ್‌ಗೆ ಮೊದಲೇ ಪರಿಚಿತವಾಗಿದ್ದ ‘ಓಗ್’ ಪ್ರತ್ಯಯದ ರೂಪ ತಾಳಿದ್ದರಿಂದ ಪದ ಪರಕೀಯವೆಂದು ಅನ್ನಿಸುವುದೇ ಇಲ್ಲ. ಅಂಗಡಿಯ ಗಾಜಿನ ಕಿಟಕಿಗೂ ಕಂಪ್ಯೂಟರ್ ಪರದೆಯ ಕಿಟಕಿಗೂ ಇಂದು ಇದೇ ಪದ.

‘ವಿಂದ್‌ಔಗ’ ಎಂದರೆ ಗಾಳಿಯ ಕಣ್ಣು. ಅದನ್ನು ಓದಿದ ಕೂಡಲೇ ತೀರ್ಥಹಳ್ಳಿಯ ಅಜ್ಜನ ಮನೆಯ ಗವಾಕ್ಷಿ ಕಣ್ಣ ಮುಂದೆ ಬಂತು. ಗವಾಕ್ಷವೆಂದರೆ ಗೋವಿನ ಕಣ್ಣು. ಗಾಳಿಯ ದಾರಿಯಾದ ಕಿಟಕಿಗೆ ಸಂಸ್ಕೃತದಲ್ಲಿ ವಾತಾಯನ ಎಂಬ ಹೆಸರೂ ಇದೆ. ಈ ಹೆಸರುಗಳನ್ನು ಯಾರೂ ಯಾರಿಂದಲೂ ಎರವಲು ಪಡೆದದ್ದಲ್ಲ. ಆದರೆ ‘ಔಗ’ ಮತ್ತು ‘ಅಕ್ಷಿ’, ‘ವಿಂದ್’ ಮತ್ತು ‘ವಾತ’ ಒಂದೇ ಬೇರಿನವು ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಟಿಪ್ಪಣಿ ಪುಸ್ತಕದಲ್ಲಿ ಫೆನೆಸ್ತ್ರವನ್ನು ಹೊಡೆದುಹಾಕಿ, ಅದರ ಪಕ್ಕದಲ್ಲಿ ಈ ನಾಲ್ಕನ್ನೂ ಬರೆದಿಟ್ಟೆ.